ಕಾಗದ ಹೊದ್ದ ಮೇಜುಗಳು

ನಮ್ಮ ಇಗರ್ಜಿಯ ಮಹಿಳಾ ಸಂಘದ ನಾಲ್ಕೈದು ಹುಡುಗಿಯರು ಮೊನ್ನೆ ಮನೆಗೆ ಬಂದಿದ್ದರು. ಗುಜರಿಯಲ್ಲಿ ಸಿಗುವ ಹಳೆಯ ಸ್ಟೂಲು, ಟ್ರೇ, ಮರದ ಪೆಟ್ಟಿಗೆಗಳಿಗೆ ಚಿತ್ರದ ಕಾಗದ ಅಂಟಿಸಿ, ವಾರ್ನಿಶ್ ಹೊಡೆದು ಮಾರುವ ಯೋಚನೆ ಅವರದು. ಡೆಕೂಪಾಜ್ ಎಂಬ ಹೆಸರನ್ನೂ ಮೊಬೈಲಿನಲ್ಲಿ ನೋಡಿ ಕಲಿತುಕೊಂಡಿದ್ದರು.

"ಆಂಟಿ, ನೀವು ಕುವೈತಲ್ಲಿ ಇದನ್ನೇ ಮಾಡ್ತಿದ್ರಂತಲ್ಲ, ನಮಗೂ ಸ್ವಲ್ಪ ಹೇಳ್ಕೊಡಿ" ಎಂದರು.

ಹೇಳಿಕೊಟ್ಟೆ. ಹಳೆಯ ಬಣ್ಣವನ್ನು ಉಜ್ಜಿ ತೆಗೆಯಬೇಕು, ಬಿರುಕಿಗೆ ಪುಟ್ಟಿ ತುಂಬಬೇಕು, ತೆಳುವಾಗಿ ಬಿಳಿ ಬಣ್ಣ ಹಚ್ಚಬೇಕು. ಊಟದ ಮೇಜಿನ ಮೇಲೆ ಇಡುವ ಚಿತ್ರದ ಕಾಗದದ ಕರವಸ್ತ್ರ ಸಿಗುತ್ತದಲ್ಲ, ಅದರಲ್ಲಿ ಮೂರು ಪದರ ಇರುತ್ತದೆ. ಚಿತ್ರವಿರುವ ಮೇಲಿನ ಪದರವನ್ನು ಮಾತ್ರ ಬಿಡಿಸಿಕೊಳ್ಳಬೇಕು. ಅಂಟು ನಡುವಿನಿಂದ ಅಂಚಿಗೆ ಹೋಗಬೇಕು. ಗಾಳಿ ಉಳಿದರೆ ಸೂಜಿಯಿಂದ ಚುಚ್ಚಿ ಒತ್ತಬೇಕು. ಒಣಗಿದ ಮೇಲೆ ವಾರ್ನಿಶ್, ಮತ್ತೆ ವಾರ್ನಿಶ್. ಕಾಫಿ ಆರುವಷ್ಟರಲ್ಲಿ ಪಾಠ ಮುಗಿಯಿತು. ಅವರು ಖುಷಿಯಿಂದ ಹೋದರು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ನಾನು ಮಾಡಿದ ಕೆಲಸವನ್ನು ಅವರಿಗೆ ಹೇಳಿಯೇ ಇಲ್ಲ ಅನ್ನಿಸಿತು. ಹಳೆಯ ಮರದ ಸಾಮಾನು ಸುಮ್ಮನೆ ಅಂಗಡಿಗೆ ಬರುವುದಿಲ್ಲ. ಯಾರದೋ ಮನೆಯಲ್ಲಿ ಏನೋ ಆಗಿರುತ್ತದೆ. ಅದನ್ನು ತಿಳಿಯದೆ ಈ ಕೆಲಸಕ್ಕೆ ಕೈ ಹಾಕಿದರೆ ಒಂದು ದಿನ ಪೆಟ್ಟು ತಿನ್ನುತ್ತೀರಿ. ಅದಕ್ಕಾಗಿ ಬರೆಯುತ್ತಿದ್ದೇನೆ.

ನಾನು ಹೊನ್ನಾವರದ ಕಡೆಯವಳು, ಮನೆಮಾತು ಕೊಂಕಣಿ. ಅಪ್ಪ ತೀರಿಕೊಂಡ ಮೇಲೆ ತಮ್ಮಂದಿರನ್ನು ಓದಿಸುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಕುವೈತಿನಲ್ಲಿ ಯುದ್ಧ ಮುಗಿದು ಕೆಲವು ವರ್ಷವಾಗಿತ್ತು. ಜಹ್ರಾದಲ್ಲಿ ಒಂದು ಮನೆಗೆ ಕೆಲಸದವಳು ಬೇಕೆಂದು ಏಜೆಂಟ್ ಹೇಳಿದ, ಹೋದೆ. ಆ ಮನೆಯಲ್ಲಿದ್ದವರು ಇಬ್ಬರೇ ಹೆಂಗಸರು. ಹಿರಿಯಾಕೆ ಉಮ್ ಸಾಲೆಮ್. ಅಂದರೆ ಸಾಲೆಮನ ತಾಯಿ. ಅಲ್ಲಿ ತಾಯಂದಿರನ್ನು ಹಿರಿಯ ಮಗನ ಹೆಸರು ಹಿಡಿದು ಕರೆಯುತ್ತಾರೆ. ನಾನು ಮನೆಯವರಂತೆ 'ಯುಮ್ಮಾ' ಎನ್ನುತ್ತಿದ್ದೆ, ಅಮ್ಮಾ ಎಂದ ಹಾಗೆ. ಮಗಳು ಮರಿಯಮ್ ಮೇಡಂ ಹುಡುಗಿಯರ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಮದುವೆ ಮುರಿದು ತಾಯಿಯ ಮನೆಗೆ ವಾಪಸಾಗಿದ್ದರು. ಸಾಲೆಮ್ ಎಂಬ ಮಗ ಎಲ್ಲೂ ಕಾಣಲಿಲ್ಲ. ನಾನೂ ಕೇಳಲಿಲ್ಲ.

ಮೊದಲ ಶುಕ್ರವಾರ ಯುಮ್ಮಾ ನನ್ನ ಕೈಗೆ ನೀರಿನ ಬಾಟಲಿ, ಒಂದು ಒದ್ದೆ ಬಟ್ಟೆ ಕೊಟ್ಟು ಕಾರು ಹತ್ತಿಸಿದರು. ರಾಯ್ ಎಂಬ ಕಡೆಯ ಸೆಕೆಂಡ್ ಹ್ಯಾಂಡ್ ಸಂತೆಗೆ ಹೋದೆವು. ಅಲ್ಲಿ ನೆಲದ ಮೇಲೆ ರಾಶಿ ರಾಶಿ ಸಾಮಾನು: ಸೋಫಾ, ಮಂಚ, ದೀಪ, ರೇಡಿಯೋ. ಯುಮ್ಮಾ ಬೇರೆ ಯಾವುದನ್ನೂ ನೋಡಲಿಲ್ಲ. ಹುಡುಗರು ಓದಲು ಇಟ್ಟುಕೊಳ್ಳುವಂಥ ಕಂದು ಬಣ್ಣದ ಮೇಜು ಕಂಡಲ್ಲಿ ಬಗ್ಗಿ, ಬಲಗಡೆಯ ಮೂಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡುತ್ತಿದ್ದರು. ಮುಂದಿನ ಮೇಜಿಗೆ ಹೋಗುತ್ತಿದ್ದರು. ವ್ಯಾಪಾರ ಮಾಡುತ್ತಾರೇನೋ ಅಂದುಕೊಂಡೆ. ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ. ಕೊನೆಗೆ ಒಂದು ದಿನ ಅಡುಗೆಮನೆಯಲ್ಲಿ ಮರಿಯಮ್ ಮೇಡಂ ತಾವಾಗಿಯೇ ಹೇಳಿದರು.

ಇರಾಕಿನ ಸೈನಿಕರು ಊರು ಹಿಡಿದಿದ್ದ ತಿಂಗಳುಗಳಲ್ಲಿ ಸಾಲೆಮನನ್ನು ಮನೆಯಿಂದಲೇ ಎಳೆದೊಯ್ದಿದ್ದರು. ಆಗ ಆತ ಟೆಕ್ನಿಕಲ್ ಕಾಲೇಜಿನಲ್ಲಿ ಓದುವ ಹುಡುಗ. ಹಾಳಾದ ರೇಡಿಯೋ ಸಿಕ್ಕರೆ ಬಿಚ್ಚಿ, ಬೆಸುಗೆ ಹಾಕಿ ಹಾಡಿಸುತ್ತಿದ್ದನಂತೆ. ಅದಾದ ಕೆಲವು ದಿನಗಳಲ್ಲಿ ಲಾರಿ ತಂದು ಮನೆಯ ಸಾಮಾನನ್ನೂ ಹೊತ್ತುಕೊಂಡು ಹೋದರು. ಸೋತು ಓಡುವಾಗ ಕದ್ದ ಸರಕೆಲ್ಲ ಜಹ್ರಾ ದಾಟಿದ ಮೇಲಿನ ಮುತ್ಲಾ ರಸ್ತೆಯ ಉದ್ದಕ್ಕೂ ಚೆಲ್ಲಿಹೋಗಿತ್ತು. ಎಷ್ಟೋ ಜನ ಅದನ್ನು ಹೆಕ್ಕಿ ಮನೆಗೆ ತಂದರು, ಎಷ್ಟೋ ಜನ ಮಾರಿದರು. ಆ ರಸ್ತೆಯನ್ನು ಯುಮ್ಮಾ ಕಣ್ಣಾರೆ ಕಂಡಿದ್ದರು. ಸಾಲೆಮನ ಮೇಜು ಅಲ್ಲೇ ಎಲ್ಲೋ ಬಿದ್ದಿರಬೇಕು, ಯಾರ ಕೈಗೋ ಸಿಕ್ಕಿರಬೇಕು, ಒಂದು ದಿನ ಸಂತೆಗೆ ಬರಲೇಬೇಕು ಎಂದು ಅವರ ನಂಬಿಕೆ.

"ಬಲಗಡೆ ಮೂಲೆಯಲ್ಲಿ ಬೆಸುಗೆ ಕಡ್ಡಿ ತಾಗಿ ಸುಟ್ಟ ಕಲೆ ಇದೆ. ಖರ್ಜೂರದ ಬೀಜದಷ್ಟು" ಎಂದರು ಮೇಡಂ. "ಮೇಜು ಸಿಕ್ಕಿದರೆ ಅವನೂ ಸಿಗ್ತಾನೆ ಅಂತ ಅಮ್ಮ ಬಾಯಿ ಬಿಟ್ಟು ಹೇಳಿಲ್ಲ, ಲೀನಾ. ಆದರೆ ನನಗೆ ಗೊತ್ತು."

ಸಂದೇಹ ಬಂದ ಮೇಜುಗಳನ್ನು ಯುಮ್ಮಾ ಕೊಂಡು ತರುತ್ತಿದ್ದರು. ಮನೆಯ ಬೆಳಕಿನಲ್ಲಿ ನೋಡಿ ಅದಲ್ಲ ಎಂದು ಗೊತ್ತಾದ ಮೇಲೂ ಎಸೆಯಲು ಬಿಡುತ್ತಿರಲಿಲ್ಲ. "ಯಾರ ಮಗ ಕೂತು ಓದಿದ್ದೋ" ಎನ್ನುತ್ತಿದ್ದರು. ಮನೆಯ ಹೊರಕೋಣೆ, ಹಿಂದೆ ಗಂಡಸರು ಕೂತು ಹರಟುತ್ತಿದ್ದ ದೀವಾನಿಯಾ, ಮೇಜುಗಳಿಂದ ತುಂಬಿತು. ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಬೆಳಿಗ್ಗೆ ಎದ್ದು ಅವರು ಅದಲ್ಲವೆಂದು ತಾವೇ ಬಿಟ್ಟಿದ್ದ ಮೇಜುಗಳನ್ನು ಮತ್ತೆ ಒಂದೊಂದಾಗಿ ಒರೆಸಿ ನೋಡಲು ಶುರುಮಾಡಿದರು.

ಮರಿಯಮ್ ಮೇಡಂ ಆಗ ಒಂದು ಉಪಾಯ ಮಾಡಿದರು. ಶಾಲೆಯಲ್ಲಿ ಲೆಬನಾನಿನ ಟೀಚರೊಬ್ಬರಿಂದ ಕಲಿತಿದ್ದ ವಿದ್ಯೆ. ಒಂದು ಮೇಜನ್ನು ಉಜ್ಜಿ, ಬಿಳಿ ಬಣ್ಣ ಬಳಿದು, ಉಡುಗೊರೆ ಸುತ್ತುವ ಕಾಗದದಿಂದ ಗುಲಾಬಿಗಳನ್ನು ಕತ್ತರಿಸಿ ಮೈತುಂಬ ಅಂಟಿಸಿದರು. ಮರುದಿನ ಯುಮ್ಮಾ ಒಳಗೆ ಬಂದರು. ಆ ಮೇಜಿನ ಮುಂದೆ ನಿಲ್ಲದೆ ಮುಂದಕ್ಕೆ ಹೋದರು. ಮೇಡಂ ನನ್ನ ಕಡೆ ತಿರುಗಿ, "ಯಲ್ಲಾ, ನಡಿ ಲೀನಾ, ಕತ್ತರಿ ತಗೋ" ಎಂದರು. ನನ್ನ ಕಸುಬು ಶುರುವಾದದ್ದು ಹೀಗೆ. ಆ ಮೇಜುಗಳು ಯಾರ ಮಗನ ಮೇಜಿನಂತೆಯೂ ಕಾಣಬಾರದು. ನಾನು ಕಲಿತ ಮೊದಲ ಪಾಠ ಅದು.

ಮೊದಮೊದಲು ನನಗೆ ಏನೂ ಬರುತ್ತಿರಲಿಲ್ಲ. ಎಸಳಿನ ಅಂಚು ಹರಿಯುತ್ತಿತ್ತು. ಬೇಸಿಗೆಯಲ್ಲಿ ಕುಂಚ ಎತ್ತುವಷ್ಟರಲ್ಲಿ ಅಂಟು ಒಣಗುತ್ತಿತ್ತು. ಒಮ್ಮೆ ಧೂಳಿನ ಗಾಳಿ ಎದ್ದ ದಿನ ಕಿಟಕಿಯ ಸಂದಿಗೆ ಬಟ್ಟೆ ತುರುಕದೆ ವಾರ್ನಿಶ್ ಹೊಡೆದು, ಇಡೀ ಮೇಜು ಮರಳು ಕಾಗದದಂತಾಯಿತು. ಮೇಡಂ ಸಿಟ್ಟಿನವರು. ಕುಂಚ ಎಸೆದು ಬಯ್ಯುತ್ತಿದ್ದರು, ಅರ್ಧ ಗಂಟೆಯಲ್ಲಿ ಚಹಾ ತಂದು ಪಕ್ಕದಲ್ಲಿ ಕೂರುತ್ತಿದ್ದರು. ಆಗಿನ ಎಣ್ಣೆ ವಾರ್ನಿಶ್ ಕೆಲವೇ ತಿಂಗಳಲ್ಲಿ ಹಳದಿಗೆ ತಿರುಗಿ ಬಿಳಿ ಗುಲಾಬಿಯೆಲ್ಲ ಸೇವಂತಿಗೆಯ ಬಣ್ಣವಾಗುತ್ತಿತ್ತು. ನೀರಿನ ವಾರ್ನಿಶ್ ಬಂದದ್ದು ಎಷ್ಟೋ ಕಾಲದ ಮೇಲೆ.

ಮೇಡಂ ಜೊತೆಯ ಟೀಚರುಗಳು ನೋಡಿ ಕೇಳಿದರು, ಒಂದೊಂದೇ ಮೇಜು ಮನೆಯಿಂದ ಹೊರಗೆ ಹೋಯಿತು. ಜನ ತಮ್ಮ ಮನೆಯ ಸ್ಟೂಲು, ಕನ್ನಡಿಯ ಚೌಕಟ್ಟು, ಮದುವೆಯ ಪೆಟ್ಟಿಗೆ ತಂದರು. ಕಾಲು ಮುರಿದವು, ಗೆದ್ದಲು ತಿಂದವು ಬಂದಾಗ ಬಡಗಿ ಬೇಕಾಯಿತು. ರಾಯ್‌ನ ಒಂದು ವರ್ಕ್‌ಶಾಪಿನಲ್ಲಿ ಶೇಖರಣ್ಣ ಸಿಕ್ಕಿದ್ದು ಆಗ.

ಶೇಖರಣ್ಣ ಕಾರ್ಕಳದ ಹತ್ತಿರ ಬೆಳ್ಮಣ್ಣಿನ ಕಡೆಯವರು. ಮುಂಬಯಿಯಲ್ಲಿ ಮರದ ಕೆಲಸ ಕಲಿತು ಅಲ್ಲಿಂದಲೇ ಕುವೈತಿಗೆ ಬಂದವರು. ಅವರದು ತುಳು, ನನಗೆ ತುಳು ಬಾರದು, ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ಕೊಂಕಣಿ ಕ್ರೈಸ್ತ ಹೆಂಗಸರನ್ನು ಅವರ ಕಡೆ ಕರೆಯುವಂತೆ ನನ್ನನ್ನು 'ಬಾಯಿ' ಎನ್ನುತ್ತಿದ್ದರು. ಮೊದಲ ಸಲ ನಾನು ಮೇಜು ಒಯ್ದಾಗ ಅದನ್ನು ತಿರುಗಿಸಿ ನೋಡಿ ಹಣೆ ಹಣೆ ಬಡಿದುಕೊಂಡರು.

"ಎಂತ ಬಾಯಿ ಇದು! ಒಳ್ಳೆ ತೇಗದ ಮರ. ಇದಕ್ಕೆ ಕಾಗದ ಅಂಟಿಸುದಾ? ಮೀನಿಗೆ ಸೀರೆ ಉಡಿಸಿದ ಹಾಗೆ ಆಯ್ತಲ್ಲ ಮಾರಾಯ್ರೆ!"

ನಾನು ಸಾಲೆಮನ ವಿಷಯ ಹೇಳಿದೆ. ಅವರು ಕೈಯಲ್ಲಿದ್ದ ಉಳಿ ಕೆಳಗಿಟ್ಟರು. ಆಮೇಲೆ ಕಾಗದದ ವಿಷಯಕ್ಕೆ ನಗೆಯಾಡಿದ್ದು ನಾನು ಕೇಳಲಿಲ್ಲ. ಅಷ್ಟೇ ಅಲ್ಲ, ವರ್ಕ್‌ಶಾಪಿಗೆ ಬಂದ ಯಾವ ಕಂದು ಮೇಜನ್ನೂ ಬಲ ಮೂಲೆ ನೋಡದೆ ಬಿಡುತ್ತಿರಲಿಲ್ಲ. "ಇವತ್ತು ಒಂದು ಬಂದಿತ್ತು ಬಾಯಿ. ಕಲೆ ಇರ್ಲಿಲ್ಲ" ಎಂದು ಫೋನಿನಲ್ಲಿ ಹೇಳುತ್ತಿದ್ದರು.

ಒಂದು ಬೇಸಿಗೆಯಲ್ಲಿ ಯುಮ್ಮಾ ಸಂತೆಯ ಬಿಸಿಲಿನಲ್ಲಿ ಕುಸಿದು ಬಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಇನ್ನು ಹೊರಗೆ ಹೋಗಕೂಡದು ಎಂದು ಡಾಕ್ಟರು ಹೇಳಿದ್ದರು. ಶುಕ್ರವಾರ ಬಂದಾಗ ಅವರು ಹೊರಗೆ ಹೋಗುವ ಕಪ್ಪು ಅಬಾಯಾ ತೊಟ್ಟು ಬಾಗಿಲಲ್ಲಿ ಕೂತರು. ಮೇಡಂ ಕಾರಿನ ಕೀಲಿ ಅಡಗಿಸಿಟ್ಟಿದ್ದರು.

"ಅದು ಇವತ್ತೇ ಬಂದಿದ್ದರೆ?" ಎಂದರು ಯುಮ್ಮಾ. "ಬೇರೆಯವರು ತಗೊಂಡು ಹೋದರೆ?"

ಮಧ್ಯಾಹ್ನದವರೆಗೂ ಅಲ್ಲಿಂದ ಏಳಲಿಲ್ಲ. ಊಟ ಬಿಟ್ಟರು. ಹೀಗೆಯೇ ವಾರಗಳು ಕಳೆದವು. ಮುಖ ಸೊರಗಿ ಹೋಯಿತು. ಒಂದು ಸಂಜೆ ಮೇಡಂ ನನ್ನನ್ನು ಕರೆದುಕೊಂಡು ಶೇಖರಣ್ಣನ ಹತ್ತಿರ ಹೋದರು. ಅಲ್ಲಿದ್ದ ಒಂದು ಹಳೆಯ ಕಂದು ಮೇಜನ್ನು ತೋರಿಸಿ, ಅರಬ್ಬಿಯೂ ಹಿಂದಿಯೂ ಬೆರೆತ ಮಾತಿನಲ್ಲಿ, "ಇದರ ಬಲ ಮೂಲೆಯಲ್ಲಿ ಒಂದು ಸುಟ್ಟ ಕಲೆ ಮಾಡಿಕೊಡು. ಹಳೆಯದರ ಹಾಗೆ ಕಾಣಬೇಕು" ಎಂದರು.

ಶೇಖರಣ್ಣ ನನ್ನ ಮುಖ ನೋಡಿದರು. "ಮೇಡಂಗೆ ಹೇಳಿ ಬಾಯಿ. ಮುರಿದದ್ದು ಜೋಡಿಸ್ಲಿಕ್ಕೆ ನಾನುಂಟು. ಅಮ್ಮನಿಗೆ ಮೋಸ ಮಾಡುವ ಕೆಲಸ ನನ್ನಿಂದ ಆಗುದಿಲ್ಲ."

ನಾನು ಅರಬ್ಬಿಗೆ ತಿರುಗಿಸುವ ಮೊದಲೇ ಮೇಡಂಗೆ ಅರ್ಥವಾಗಿತ್ತು. ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಮರದ ಹೊಟ್ಟಿನ ಮೇಲೆ ಕೂತುಬಿಟ್ಟರು. "ಶೇಖರ್, ನನಗೆ ತಮ್ಮ ಬೇಕು. ಆದರೆ ಅವನು ಬರುವವರೆಗೆ ಅಮ್ಮ ಉಳಿಯಬೇಕಲ್ಲ" ಎಂದರು.

ನಾವು ಮನೆಗೆ ಬಂದೆವು. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿ ಬರಹೇಳಿದರು. ಹೋಗಿ ನೋಡಿದರೆ ನೆಲದ ತುಂಬ ಹಲಗೆಯ ಚೂರುಗಳು, ಪ್ರತಿಯೊಂದರ ಮೇಲೂ ಸುಟ್ಟ ಗುರುತು. ಒಂದು ಉದ್ದ, ಒಂದು ದುಂಡಗೆ, ಒಂದು ತೀರ ಕಪ್ಪು. ಹಾಕಿ ಹಾಕಿ ಕೈ ಕೂರಿಸಿಕೊಂಡು ಕೊನೆಗೆ ಮೇಜಿನ ಮೇಲೆ ಹಾಕಿದ್ದರು. ಚಹಾದ ಡಿಕಾಕ್ಷನ್, ಮೇಣ, ಧೂಳು ತಿಕ್ಕಿ ಅದನ್ನು ಹಳೆಯದು ಮಾಡಿದ್ದರು.

"ಮನಸ್ಸು ಹೇಗೆ ಬದಲಾಯಿತು ಶೇಖರಣ್ಣ?" ಎಂದು ಕೇಳಿದೆ.

"ನನ್ನ ಅಮ್ಮ ತೀರಿಹೋದಾಗ ವೀಸಾ ಕೊಟ್ಟ ಧಣಿ, ಕಫೀಲ್, ಊರಲ್ಲಿ ಇರ್ಲಿಲ್ಲ. ನನ್ನ ಪಾಸ್‌ಪೋರ್ಟ್ ಅವನ ಹತ್ರ. ಹೋಗ್ಲಿಕ್ಕೆ ಆಗ್ಲಿಲ್ಲ" ಎಂದರು. "ಕೊನೆಗೆ ಅಮ್ಮ ಎಲ್ಲರ ಹತ್ರ 'ಶೇಖರ ಬಂದನಾ' ಅಂತ ಕೇಳ್ತಿದ್ದರಂತೆ. ಯಾರಾದ್ರೂ ಒಬ್ಬ 'ಹೌದು, ಬಂದ' ಅಂತ ಸುಳ್ಳು ಹೇಳ್ಬಹುದಿತ್ತು ಬಾಯಿ. ಒಬ್ಬನೂ ಹೇಳ್ಲಿಲ್ಲ."

ಪಿಕಪ್ಪಿನಲ್ಲಿ ಮೇಜು ಹೇರಿಕೊಂಡು ಜಹ್ರಾಕ್ಕೆ ಬಂದೆವು. ಸಂತೆಯಲ್ಲಿ ಸಿಕ್ಕಿತು ಎಂದು ಹೇಳುವುದೆಂದು ಮಾತಾಗಿತ್ತು. ಯುಮ್ಮಾ ಅಂಗಳಕ್ಕೆ ಕುರ್ಚಿ ಹಾಕಿಸಿಕೊಂಡರು. ಒದ್ದೆ ಬಟ್ಟೆ ಕೇಳಲಿಲ್ಲ. ಬೆರಳನ್ನು ನೇರವಾಗಿ ಬಲ ಮೂಲೆಗೆ ಒಯ್ದರು. ಬಹಳ ಹೊತ್ತು ಅಲ್ಲೇ ಇಟ್ಟುಕೊಂಡಿದ್ದರು.

"ಇದನ್ನು ಮಾಡಿದ್ದು ಯಾರು?" ಎಂದರು ಯುಮ್ಮಾ.

ಪಿಕಪ್ಪಿನ ಪಕ್ಕದಲ್ಲಿದ್ದ ಶೇಖರಣ್ಣ ಮುಂದೆ ಬಂದು ತಲೆ ತಗ್ಗಿಸಿ, "ನಾನು, ಯುಮ್ಮಾ" ಎಂದರು.

ಬಯ್ಯುತ್ತಾರೆ ಅಂದುಕೊಂಡೆ. ಅವರು ಮಗಳನ್ನು ಹತ್ತಿರ ಕರೆದರು. "ನಾನು ಹೇಳಿದ ಹಾಗೇ ಇದೆ, ಮರಿಯಮ್. ಖರ್ಜೂರದ ಬೀಜದಷ್ಟೇ ಇದೆ. ಅದಕ್ಕೇ ಗೊತ್ತಾಯಿತು. ನಾನು ಎಲ್ಲರಿಗೂ ಹಾಗೆ ಹೇಳಿ ಹೇಳಿ..." ಎಂದು ನಿಲ್ಲಿಸಿದರು. "ನಿಜವಾಗಿ ಅದು ಎಷ್ಟಿತ್ತು ಅಂತ ನನಗೆ ನೆನಪಿಲ್ಲ. ಈಗ ಅದೇ ಮೇಜು ಬಂದು ನಿಂತರೂ ನನಗೆ ಗುರುತು ಸಿಗುವುದಿಲ್ಲ."

ಅವರು ಅತ್ತದ್ದನ್ನು ನಾನು ಮೊದಲ ಬಾರಿ ಕಂಡೆ. ಅಷ್ಟು ವರ್ಷ ಅವರು ಅತ್ತಿರಲಿಲ್ಲ. ಅತ್ತರೆ ಮಗ ಇಲ್ಲವೆಂದು ಒಪ್ಪಿದಂತೆ ಎಂದು ತಡೆದುಕೊಂಡಿದ್ದರು. ಮೇಡಂ ಅವರ ಮಡಿಲಲ್ಲಿ ತಲೆಯಿಟ್ಟರು. ಶೇಖರಣ್ಣ ಹೊರಡಲು ನೋಡಿದಾಗ ಯುಮ್ಮಾ ಬಿಡಲಿಲ್ಲ. ಅದೇ ಮೇಜಿನ ಮೇಲೆ ಚಹಾ ಇಡಿಸಿ, ಅವರು ಕುಡಿದು ಮುಗಿಸುವವರೆಗೂ ಎದುರಿಗೆ ಕೂತಿದ್ದರು. ಆಮೇಲೆ ಯುಮ್ಮಾ ಸಂತೆಗೆ ಹೋಗಲಿಲ್ಲ. ಮೇಜು ಅವರ ಕೋಣೆ ಸೇರಿತು.

ಮುಂದೆ ಇರಾಕಿನ ಆಡಳಿತ ಬಿತ್ತು. ಕುವೈತಿನಿಂದ ಹಿಡಿದೊಯ್ದವರನ್ನು ಅಲ್ಲಿನ ಮರಳಿನಲ್ಲಿ ಹೂತಿದ್ದರು, ಆ ಎಲುಬುಗಳನ್ನು ತೆಗೆದು ಪರೀಕ್ಷೆ ಮಾಡುತ್ತಿದ್ದಾರೆ ಎಂದು ಸುದ್ದಿ ಬಂತು. ಹೋಲಿಸಿ ನೋಡಲು ಯುಮ್ಮಾನ ರಕ್ತ ತೆಗೆದುಕೊಂಡು ಹೋದರು. ಬಹಳ ಕಾಲ ಏನೂ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಫೋನ್ ಬಂದಾಗ ಮೇಡಂ ಕೈಯಲ್ಲಿ ಅಂಟಿನ ಕುಂಚ ಇತ್ತು. ಮಾತಾಡಿ ಮುಗಿಸಿ, ಫೋನ್ ಇಟ್ಟು, ಕುಂಚವನ್ನು ನೀರಿನಲ್ಲಿ ತೊಳೆದು, ಒರೆಸಿ, ಜಾಗದಲ್ಲಿಟ್ಟು, ಆಮೇಲೆ ತಾಯಿಯ ಕೋಣೆಗೆ ಹೋದರು. ಸಾಲೆಮನನ್ನು ಹಿಡಿದ ಕೆಲವೇ ದಿನಗಳಲ್ಲಿ ಕೊಂದಿದ್ದರಂತೆ. ನಾವು ಸಂತೆಯಲ್ಲಿ ಮೇಜುಗಳನ್ನು ಒರೆಸುತ್ತಿದ್ದ ಕಾಲವೆಲ್ಲ ಅವನು ಆ ಮರಳಿನೊಳಗೆ ಇದ್ದ.

ಅವನನ್ನು ಊರಿಗೆ ತಂದು ಮಣ್ಣು ಮಾಡಿದರು. ಬಂದು ಹೋಗುವವರೆಲ್ಲ ಬಂದು ಹೋದರು. ಮನೆ ಖಾಲಿಯಾದ ಮೇಲೆ ಯುಮ್ಮಾ ನಾನು ಕೆಲಸ ಮಾಡುವಲ್ಲಿಗೆ ಬಂದರು.

"ಲೀನಾ, ನನ್ನ ಮೇಜಿಗೂ ಕಾಗದ ಹಾಕು."

ಕಾಗದದ ಪೆಟ್ಟಿಗೆ ತೆರೆದು ಮುಂದಿಟ್ಟೆ. ಗುಲಾಬಿ, ಹಕ್ಕಿ, ಮೀನು, ಹಳೆಯ ಊರುಗಳ ಚಿತ್ರ, ಎಲ್ಲವನ್ನೂ ನಿಧಾನವಾಗಿ ನೋಡಿ ಲಿಂಬೆಹಣ್ಣಿನ ಕಾಗದ ಆರಿಸಿಕೊಂಡರು.

"ಸಾಲೆಮನಿಗೆ ಲಿಂಬೆ ಇಷ್ಟವಿತ್ತೇ ಯುಮ್ಮಾ?"

"ಅವನಿಗೆ ಸೇರುತ್ತಿರಲಿಲ್ಲ. ಇದು ನನಗೆ."

ಕತ್ತರಿಯನ್ನೂ ಕುಂಚವನ್ನೂ ಅವರೇ ತೆಗೆದುಕೊಂಡರು. ಲಿಂಬೆಗಳು ಅಂಕುಡೊಂಕಾದವು, ಕಾಗದ ಸುಕ್ಕುಗಟ್ಟಿತು, ಒಳಗೆ ಗಾಳಿ ನಿಂತು ಅಲ್ಲಲ್ಲಿ ಉಬ್ಬಿತು. ಸುಟ್ಟ ಕಲೆಯ ಮೇಲೆ ಒಂದರ ಮೇಲೊಂದು ಹಣ್ಣು ಅಂಟಿಸಿದರು. ಅಭ್ಯಾಸಬಲದಿಂದ ನಾನು ಸೂಜಿ ಹಿಡಿದು ಮುಂದೆ ಹೋದೆ. ಮೇಡಂ ನನ್ನ ಮಣಿಕಟ್ಟು ಹಿಡಿದರು. ಆ ಉಬ್ಬುಗಳ ಮೇಲೆಯೇ ವಾರ್ನಿಶ್ ಹೊಡೆದೆವು. ಹುಡುಗಿಯರೇ, ಗಾಳಿ ಉಳಿಯಬಾರದು ಎಂದು ನಿಮಗೆ ಹೇಳಿಕೊಟ್ಟವಳು ನಾನೇ. ಆದರೆ ಕೆಲವರ ಕೆಲಸವನ್ನು ತಿದ್ದಲು ಹೋಗಬೇಡಿ. ಯುಮ್ಮಾ ಸಾಯುವವರೆಗೂ ಆ ಮೇಜಿನ ಮೇಲೆಯೇ ಚಹಾ ಕುಡಿದರು. ಅವರು ಹೋದದ್ದು ಮರುವರ್ಷದ ಚಳಿಗಾಲದಲ್ಲಿ, ನಿದ್ದೆಯಲ್ಲಿ.

ತಾಯಿ ಹೋದ ಮೇಲೆ ಮೇಡಂಗೆ ಆ ಮನೆಯಲ್ಲಿ ಹಗಲು ಕಳೆಯುವುದು ಕಷ್ಟವಾಯಿತು. ಶಾಲೆ ಬಿಟ್ಟು ಎಗೈಲಾದ ಒಂದು ಮಾಲ್‌ನಲ್ಲಿ ಸಣ್ಣ ಅಂಗಡಿ ಹಿಡಿದರು. ನನ್ನ ಇಕಾಮಾ, ಅಂದರೆ ಅಲ್ಲಿ ವಾಸಕ್ಕೆ ಬೇಕಾದ ಪರವಾನಗಿ, ಅಂಗಡಿಯ ಹೆಸರಿಗೆ ಬದಲಾಯಿತು. ಕಾಲ ಬದಲಾಗಿತ್ತು. ಜನ ಮೊಬೈಲಿನಲ್ಲಿ ಚಿತ್ರ ತೋರಿಸಿ ಇದೇ ಬೇಕು ಎನ್ನುತ್ತಿದ್ದರು. ತೆಳುವಾದ ಅಕ್ಕಿ ಕಾಗದ ಬಂತು, ಹಚ್ಚಿದರೆ ಸುಣ್ಣದಂತೆ ಮಂಕಾಗಿ ಒಣಗುವ ಬಣ್ಣ ಬಂತು. ಅಂಗಡಿಯಲ್ಲೇ ಪ್ರಿಂಟರ್ ಇಟ್ಟೆವು. ಅದರಿಂದ ಒಂದು ಅನಾಹುತವೂ ಆಯಿತು. ಗಂಡನನ್ನು ಕಳೆದುಕೊಂಡ ಒಬ್ಬರು ತಮ್ಮ ಮದುವೆಯ ಫೋಟೋ ಕೊಟ್ಟು, ಆಭರಣದ ಪೆಟ್ಟಿಗೆಯ ಮುಚ್ಚಳಕ್ಕೆ ಹಾಕಿಸಲು ಹೇಳಿದ್ದರು. ಪ್ರಿಂಟು ತೆಗೆದು, ಶಾಯಿಗೆ ರಕ್ಷಣೆ ಕೊಡದೆ ಮೇಡಂ ಅಂಟು ಬಳಿದರು. ನೋಡುತ್ತಿದ್ದಂತೆ ಮದುಮಗನ ಮುಖ ನೀಲಿಯಾಗಿ ಹರಿಯಿತು. ಮೂಲ ಫೋಟೋ ಹಾಗೆಯೇ ಇತ್ತು, ಇನ್ನೊಂದು ಪ್ರಿಂಟು ತೆಗೆಯಬಹುದಿತ್ತು. ಆದರೆ ಆ ಹೊತ್ತಿಗೇ ಆಕೆ ಬಾಗಿಲಲ್ಲಿ ನಿಂತಿದ್ದರು. ಆಕೆ ಕೂಗಾಡಲಿಲ್ಲ. ಕೈ ಅಡ್ಡ ಹಿಡಿದು ಕಣ್ಣು ಮುಚ್ಚಿಕೊಂಡರು. ಗಿರಾಕಿ ಕೊಟ್ಟ ಮುಖವನ್ನು ಚೂರು ಹಲಗೆಯ ಮೇಲೆ ಪರೀಕ್ಷೆ ಮಾಡದೆ ಅಂಟಿಸಬಾರದು. ನಮ್ಮ ಅಂಗಡಿಯ ನಿಯಮ ಅಂದಿನಿಂದ ಅದಾಯಿತು.

ಇನ್ನೊಬ್ಬ ಯುವಕ ತೊಟ್ಟಿಲು ತಂದಿದ್ದ. ತಾನು ಮಗುವಾಗಿದ್ದಾಗ ಮಲಗುತ್ತಿದ್ದ ತೊಟ್ಟಿಲಂತೆ. ಬಸುರಿ ಹೆಂಡತಿಗೆ ತಿಳಿಸದೆ ಸಿದ್ಧಮಾಡಿಸಬೇಕು, ನಕ್ಷತ್ರಗಳಿರಲಿ ಎಂದು ನಗುತ್ತಾ ಹೇಳಿ ಹೋದ. ಶೇಖರಣ್ಣ ಸಡಿಲವಾಗಿದ್ದ ಸರಳುಗಳನ್ನೆಲ್ಲ ಬಿಗಿಮಾಡಿದರು. ನಾನು ಬೆಳ್ಳಿ ನಕ್ಷತ್ರ ಕತ್ತರಿಸಿದೆ. ಹೇಳಿದ ದಿನ ಕಳೆದರೂ ಅವನು ಬರಲಿಲ್ಲ. ಮೇಡಂ ಫೋನ್ ಮಾಡಿದರು, ಸ್ವಲ್ಪ ಹೊತ್ತು ಕೇಳಿಸಿಕೊಂಡರು, "ಅಲ್ಲಾಹನು ನಿಮಗೆ ತಾಳ್ಮೆ ಕೊಡಲಿ" ಎಂದು ಇಟ್ಟರು. "ಒಳಗೆ ಇಡು ಲೀನಾ" ಎಂದರು. ತೊಟ್ಟಿಲಿಗೆ ಬಟ್ಟೆ ಮುಚ್ಚಿ ಹಿಂದಿನ ಕೋಣೆಯಲ್ಲಿಟ್ಟೆ. ಕೇಳಿದವರಿಗೂ ಅದನ್ನು ಮಾರಲಿಲ್ಲ.

ಶೇಖರಣ್ಣ ತೀರಿಕೊಂಡದ್ದು ಇನ್ನೇನು ಊರಿಗೆ ಹೋಗಿ ನಿಲ್ಲುತ್ತೇನೆ ಎನ್ನುತ್ತಿದ್ದ ವರ್ಷ. ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದಾಗಲೇ ಎದೆನೋವು ಬಂತು, ಆಸ್ಪತ್ರೆ ತಲುಪಲಿಲ್ಲ. ತುಳುನಾಡಿನ ಜನ ಸೇರಿ ಕಾಗದಪತ್ರಗಳಿಗೆ ಓಡಾಡಿದರು. ಅವರ ಸಾಮಾನು ಕಟ್ಟಲು ಮೇಡಂ ಮತ್ತು ನಾನು ಅವರ ರೂಮಿಗೆ ಹೋದೆವು. ಕಬ್ಬಿಣದ ಮಂಚ, ಪ್ಲಾಸ್ಟಿಕ್ ಕುರ್ಚಿ, ಜಿಪ್ ಹಾಕುವ ಬಟ್ಟೆಯ ಕಪಾಟು. ಜೀವಮಾನವಿಡೀ ಮರದ ಕೆಲಸ ಮಾಡಿದ ಮನುಷ್ಯನ ಕೋಣೆಯಲ್ಲಿ ಮರದ್ದು ಎಂಬುದು ಒಂದೂ ಇರಲಿಲ್ಲ.

ಶವಾಗಾರದಲ್ಲಿ ವಿಮಾನಕ್ಕೆ ಒಯ್ಯುವ ಪೆಟ್ಟಿಗೆ ನೋಡಿದೆ. ಒರಟು ಪ್ಲೈವುಡ್. ಅಂಚಿನ ಮೇಲೆ ಕೈಯಾಡಿಸಿದೆ, ಸಿಬಿರು ಚುಚ್ಚಿ ರಕ್ತ ಬಂತು. ಶೇಖರಣ್ಣ ಯಾವ ಸಾಮಾನನ್ನೂ ಅಂಗೈಯಿಂದ ಸವರಿ ನೋಡದೆ ಹೊರಗೆ ಬಿಟ್ಟವರಲ್ಲ. ನನಗೆ ತಡೆಯಲಾಗಲಿಲ್ಲ.

"ಭಾಯಿ, ಇದಕ್ಕೆ ಸ್ವಲ್ಪ ಮರಳು ಕಾಗದ ತಿಕ್ಕಬಾರದೇ?" ಎಂದು ಅಲ್ಲಿದ್ದ ಕೆಲಸಗಾರನನ್ನು ಹಿಂದಿಯಲ್ಲಿ ಕೇಳಿದೆ.

"ಬೆಹನ್, ಊರಲ್ಲಿ ಇದನ್ನು ಒಡೆದು ತೆಗೀತಾರೆ" ಎಂದ ಅವನು. ಅವನ ಮಾತಿನಲ್ಲಿ ಒರಟುತನವಿರಲಿಲ್ಲ.

ಅದಾದ ಮೇಲೆ ನನಗೆ ಕೈ ಓಡಲಿಲ್ಲ. ಕಣ್ಣೂ ಮಂಜಾಗುತ್ತಿತ್ತು. ಊರಿಗೆ ಹೋಗುತ್ತೇನೆ ಎಂದಾಗ ಮೇಡಂ, "ಹೋಗು. ನಾನೂ ಅಂಗಡಿ ಮುಚ್ಚುತ್ತೇನೆ" ಎಂದರು. ಏರ್‌ಪೋರ್ಟಿಗೆ ಅವರೇ ಕಾರು ನಡೆಸಿಕೊಂಡು ಬಂದರು. ಇಳಿಯುವಾಗ "ನಿನಗೆ ಅಲ್ಲಿ ಯಾರಿದ್ದಾರೆ?" ಎಂದು ಕೇಳಿದರು. ತಮ್ಮಂದಿರ ಮಕ್ಕಳಿದ್ದಾರೆ ಎಂದೆ. "ಒಳ್ಳೆಯದು" ಎಂದು ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದರು. ಅವರಿಗೆ ಯಾರಿದ್ದಾರೆ ಎಂದು ನಾನು ಕೇಳಲಿಲ್ಲ.

ಊರಿಗೆ ಬಂದ ಮೇಲೆ ಮೊದಲು ಹೋದದ್ದು ಶೇಖರಣ್ಣನ ಮನೆಗೆ. ಅವರ ಹೆಂಡತಿ ಸುಮತಿಯಕ್ಕ ಒಬ್ಬರೇ ಇದ್ದರು. ಮಗಳು ಮದುವೆಯಾಗಿ ಮೂಡುಬಿದಿರೆಯಲ್ಲಿದ್ದಾಳೆ. ಚಂದದ ತಾರಸಿ ಮನೆ. ಷೋರೂಮಿನಿಂದ ತಂದ ಹೊಳೆಯುವ ಸೋಫಾ, ಕಪಾಟು. ಕಾಫಿ ಕೊಟ್ಟು ಎದುರಿಗೆ ಕೂತರು.

"ಬಾಯಿ, ಒಂದು ಕೇಳ್ಲಾ? ಅವರು ಅಲ್ಲಿ ನಿಜಕ್ಕೂ ಎಂತ ಕೆಲಸ ಮಾಡ್ತಿದ್ದದ್ದು?"

ನನಗೆ ಆಶ್ಚರ್ಯವಾಯಿತು.

"ಕೇಳಿದ್ರೆ 'ಫರ್ನಿಚರ್ ಕಂಪನಿ' ಅಂತ ಹೇಳ್ತಿದ್ರು, ಅಷ್ಟೇ. ಮದುವೆ ಆದದ್ದೇ ರಜೆಯಲ್ಲಿ. ಅವರ ಕೈಯಲ್ಲಿ ಒಂದು ಉಳಿ ಸಹ ನಾನು ನೋಡಿದವಳಲ್ಲ. ಇಲ್ಲಿ ಬಂದ್ರೆ ಒಂದು ಮೊಳೆ ಹೊಡಿಲಿಕ್ಕೂ ಆಚಾರಿಯನ್ನು ಕರೀತಿದ್ರು."

ನಾನು ಹೇಳತೊಡಗಿದೆ. ಗೆದ್ದಲು ತಿಂದ ಕಾಲನ್ನು ಕತ್ತರಿಸಿ ಹೊಸ ಮರ ಕೂರಿಸಿದರೆ ಬೆಸೆದ ಗೆರೆ ಕಾಣುತ್ತಿರಲಿಲ್ಲ ಎಂದೆ. ಮರವನ್ನು ಮೂಸಿ ಅದು ಯಾವುದೆಂದು ಹೇಳುತ್ತಿದ್ದರು ಎಂದೆ. ಯುಮ್ಮಾನ ಮೇಜಿನ ಕಥೆಯನ್ನು ಪೂರ್ತಿ ಹೇಳಿದೆ. ತಾಯಿಯ ಬಗ್ಗೆ ಅವರಾಡಿದ ಮಾತು ಬಂದಾಗ ಸುಮತಿಯಕ್ಕ ಕೈ ಎತ್ತಿ ನಿಲ್ಲಿಸಿದರು.

"ಅತ್ತೆ ಸತ್ತಾಗ ಅವರು ಬರ್ಲಿಲ್ಲ ಅಂತ ಇಲ್ಲಿ ಎಲ್ಲರೂ ಮಾತಾಡಿದ್ರು ಬಾಯಿ. ನಾನೂ ಮಾತಾಡಿದೆ. ಪಾಸ್‌ಪೋರ್ಟಿನ ವಿಷಯ ಅವರು ನಮಗೆ ಹೇಳ್ಲೇ ಇಲ್ಲ."

ಸೆರಗಿನಿಂದ ಮುಖ ಒರೆಸಿಕೊಂಡರು. ಹೊರಗೆ ಬಿಸಿಲು ಇಳಿಯುತ್ತಿತ್ತು. ಹೊನ್ನಾವರದ ಕಡೆಗೆ ನನಗೆ ಬಸ್ಸು ಹಿಡಿಯಬೇಕಿತ್ತು. ಏಳಲು ನೋಡಿದೆ. ಅವರು ನನ್ನ ಕೈ ಬಿಡಲಿಲ್ಲ.

"ಅವರು ಅಲ್ಲಿ ನಗ್ತಿದ್ರಾ?"

"ನಗ್ತಿದ್ರು ಅಕ್ಕ. ಜೋರಾಗಿ ನಗ್ತಿದ್ರು."

"ಯಾವಾಗ ನಕ್ಕದ್ದು? ಅದನ್ನು ಹೇಳಿ" ಎಂದರು ಸುಮತಿಯಕ್ಕ. "ಒಂದೂ ಬಿಡದೆ ಹೇಳಿ."

ನಾನು ಚೀಲವನ್ನು ಕೆಳಗಿಟ್ಟು ಮತ್ತೆ ಕೂತೆ.